ಅಣಕು ಮತದಾನದ ಮತದಾರ

ನಾನು ಇದುವರೆಗೆ ಒಮ್ಮೆಯೂ ಮತ ಹಾಕಿಲ್ಲ ಎಂದರೆ ನೀವು ನನ್ನನ್ನು ಬೇಜವಾಬ್ದಾರಿ ಮನುಷ್ಯ ಎಂದುಕೊಳ್ಳುತ್ತೀರಿ. ಅಂದುಕೊಳ್ಳಿ. ಪ್ರೌಢಶಾಲೆಯ ಸಮಾಜವಿಜ್ಞಾನದ ಮೇಷ್ಟ್ರಾದ ನಾನು ಪ್ರತಿವರ್ಷ ಮತದಾರರ ದಿನ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುತ್ತೇನೆ. ಬ್ರಿಟಿಷರ ಕಾಲದಲ್ಲಿ ಆಸ್ತಿ, ಕಂದಾಯ, ಓದು ಇದ್ದವರಿಗಷ್ಟೇ ಮತವಿತ್ತು. ಎಷ್ಟೋ ದೇಶಗಳಲ್ಲಿ ಹೆಂಗಸರು ಇದಕ್ಕಾಗಿ ಜೈಲಿಗೆ ಹೋದರು. ನಮ್ಮಲ್ಲಿ ಸಂವಿಧಾನ ಬಂದದ್ದೇ ಎಸ್ಟೇಟಿನ ಧಣಿಗೂ ಕೂಲಿಯವರ ಲೈನ್‌ಮನೆಯ ಅಜ್ಜಿಗೂ ತಲಾ ಒಂದೇ ಮತವಾಯಿತು. ಕೊಡಗು ಪುಟ್ಟ ರಾಜ್ಯವಾಗಿದ್ದಾಗ ನಮ್ಮ ತಾತ ಹೊಳೆ ದಾಟಿ ಹೋಗಿ ಮತ ಹಾಕಿ ಬಂದರು ಎಂದೆಲ್ಲ ಹೇಳುವಾಗ ನನಗೇ ಮೈ ಜುಂ ಎನ್ನುತ್ತದೆ. ಮನೆಗೆ ಬಂದರೆ ನನ್ನ ಹೆಂಡತಿ ಸರೋಜ ಒಂದೇ ಮಾತಿನಲ್ಲಿ ಗಾಳಿ ತೆಗೆಯುತ್ತಾಳೆ: "ಊರಿಗೆಲ್ಲ ಹೇಳ್ತೀರ, ನಿಮ್ ಬೆರಳಿಗೆ ಯಾವತ್ತಾದ್ರೂ ಶಾಯಿ ಬಿದ್ದೈತಾ?"

ಬಿದ್ದಿದೆ. ಒಂದು ಚುನಾವಣೆಯಲ್ಲಿ ಬೇರೆಯವರ ಬೆರಳಿಗೆ ಶಾಯಿ ಹಚ್ಚುವ ಡ್ಯೂಟಿ ನನ್ನದಾಗಿತ್ತು. ಸಂಜೆಯ ಹೊತ್ತಿಗೆ ನನ್ನ ಹತ್ತೂ ಬೆರಳು ನೇರಳೆಹಣ್ಣು ಹಿಚುಕಿದಂತಾಗಿದ್ದವು. "ಮೇಷ್ಟ್ರು ಹತ್ತು ಓಟು ಹಾಕಿ ಬಂದವ್ರೆ" ಎಂದು ಊರೆಲ್ಲ ನಕ್ಕಿತು. ಹಾಕಿದ್ದು ಸೊನ್ನೆ.

ನನ್ನ ಮತವಿರುವುದು ನೆಲ್ಯಹುದಿಕೇರಿಯಲ್ಲಿ, ಡ್ಯೂಟಿ ಬೀಳುವುದು ಇನ್ನೆಲ್ಲೋ. ಅಂಥವರಿಗೆ ಅಂಚೆ ಮತವಿದೆ, ನಿಜ. ಒಮ್ಮೆ ಮತಪತ್ರವನ್ನೂ ಅದರ ಜೊತೆಯ ಘೋಷಣೆಯನ್ನೂ ಒಂದೇ ಲಕೋಟೆಗೆ ತುರುಕಿ ಅಂಟಿಸಿಬಿಟ್ಟೆ. ಹಾಗೆ ಮಾಡಿದರೆ ತಿರಸ್ಕೃತ ಎಂದು ತರಬೇತಿಯಲ್ಲಿ ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದೆ! ಕಳೆದ ವಿಧಾನಸಭೆ ಚುನಾವಣೆಗೆ ಮಡಿಕೇರಿಯ ತರಬೇತಿಯಲ್ಲೇ ಮತ ಹಾಕುವ ವ್ಯವಸ್ಥೆಯಿತ್ತು. ನಾನು ಮತಯಂತ್ರದ ಬಗ್ಗೆ ಎಲ್ಲರ ಸಂದೇಹ ಪರಿಹರಿಸಿ ಬರುವಷ್ಟರಲ್ಲಿ ಸಮಯ ಮುಗಿದು ಪೆಟ್ಟಿಗೆಗೆ ಸೀಲು ಬಿದ್ದಿತ್ತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ನಗಬೇಡಿ, ಕಣ್ಣು ತುಂಬಿತ್ತು. ನಿವೃತ್ತಿಗೆ ಮೊದಲು ಒಂದೇ ಒಂದು ಸಲ ಈ ದೇಶಕ್ಕೆ ನನ್ನ ಅಭಿಪ್ರಾಯವೂ ಬೇಕು ಅನ್ನಿಸಬೇಕೆಂಬ ಆಸೆ ನನ್ನದು.

ಆ ಸಲ ಡ್ಯೂಟಿ ಕೇರಳ ಗಡಿಯ ಮಾಕುಟ್ಟದ ಕಡೆ ಕಾಡಿನ ನಡುವಿನ ಮತಗಟ್ಟೆಗೆ. ಬೆಳಿಗ್ಗೆ ನಿಜವಾದ ಮತದಾನಕ್ಕೆ ಮೊದಲು ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ಮಾಡಬೇಕು; ಯಂತ್ರ ಸರಿಯಿದೆಯೆಂದು ತೋರಿಸಿ ಆ ಮತಗಳನ್ನೆಲ್ಲ ಅಳಿಸಬೇಕು. ಎಲ್ಲರೂ ಗುಂಡಿಗಳನ್ನು ಟಕಟಕ ಒತ್ತಿದರು. ನನ್ನ ಸರದಿ ಬಂದಾಗ ನಾನು ಮಾತ್ರ ಟಕ್ಕನೆ ಒತ್ತಲಿಲ್ಲ. ಐದು ವರ್ಷದ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ನೆನೆದು, ಅಳೆದು ತೂಗಿ ಒತ್ತಿದೆ. ಯಂತ್ರದ ಗಾಜಿನೊಳಗೆ ನಾನು ಆರಿಸಿದ ಅಭ್ಯರ್ಥಿಯ ಚಿಹ್ನೆಯಿದ್ದ ಚೀಟಿ ಬೆಳಕಿನಲ್ಲಿ ಒಂದು ಗಳಿಗೆ ನಿಂತು ಕೆಳಗೆ ಬಿತ್ತು. ಚೆಕ್‌ಪೋಸ್ಟ್ ಹತ್ತಿರ ಅಂಗಡಿಯಿಟ್ಟಿರುವ ಏಜೆಂಟರೊಬ್ಬರು ಗಡಿಯಾರ ನೋಡಿ, "ಎಂತ ಸಾರ್, ಇಷ್ಟು ಯೋಚನೆ ಮಾಡ್ತೀರಿ? ಇದು ಸುಮ್ನೆ ಅಲ್ವಾ?" ಎಂದರು. ಎಣಿಕೆ ತಾಳೆಯಾಯಿತು. ಮತಗಟ್ಟೆಯ ಅಧಿಕಾರಿ ನಾನೇ ಆದ್ದರಿಂದ ಅಳಿಸುವ ಗುಂಡಿಯನ್ನೂ ನಾನೇ ಒತ್ತಿದೆ. ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದವನೂ ನಾನೇ. ಹೊರಗೆ ಮೊದಲ ಮತದಾರಳಾಗಿ ಒಬ್ಬಳು ಮುದುಕಿ ಕೋಲೂರಿಕೊಂಡು ನಿಂತಿದ್ದಳು, ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳು ಈ ಸಲ ನಗಲಿಲ್ಲ. ಕಾಫಿ ಕೊಟ್ಟು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು:

"ಹೋಗ್ಲಿ ಬಿಡಿ. ಯಾರಿಗೆ ಒತ್ತಿದ್ರಿ?"

"ಅದನ್ನ ಹೇಳೋ ಹಾಗಿಲ್ಲ. ಗುಪ್ತ ಮತದಾನ" ಎಂದೆ.