ಸ್ವೆಟರ್ ಜೊತೆ ಬಂದ ಬುದ್ಧ

ನಿಮ್ಮ ಅಜ್ಜ ಸಿಟ್ಟು ಮಾಡುವುದನ್ನು ಯಾರಿಂದಲೂ ಕಲಿಯಲಿಲ್ಲ, ಅದು ಹುಟ್ಟುತ್ತಲೇ ಬಂದಿತ್ತು. ಅದನ್ನು ಬಿಡುವುದನ್ನು ಮಾತ್ರ ಹೊನ್ನಾಳಿಯಲ್ಲಿ ಸ್ವೆಟರ್ ಮಾರುವವನಿಂದ ಕಲಿತರು. ನಗಬೇಡಿ! ಕಾಡಿಗೆ ಹೋಗಿ ಜ್ಞಾನ ಪಡೆದವರಿದ್ದಾರೆ, ಬೆಟ್ಟ ಹತ್ತಿ ಪಡೆದವರಿದ್ದಾರೆ. ಚೌಕಾಸಿ ಮಾಡಿ ಜ್ಞಾನ ಪಡೆದವರು ನನಗೆ ತಿಳಿದ ಮಟ್ಟಿಗೆ ಇವರೊಬ್ಬರೇ.

ಗೋಡೆಯ ಮೇಲಿನ ಫೋಟೊ ನೋಡಿ ನೀವು ಪ್ರತಿ ಸಲ ಕೇಳುತ್ತೀರಿ: "ಅಜ್ಜೀ, ಇದು ಬೇಸಿಗೆ ಮದುವೆ ಫೋಟೊ ಅಂತೀ, ಅಜ್ಜ ಯಾಕೆ ಸ್ವೆಟರ್ ಹಾಕ್ಕೊಂಡಾರೆ? ಚಳಿಜ್ವರ ಬಂದಿತ್ತಾ?" ಬಂದಿರಲಿಲ್ಲ. ನಿಮ್ಮಲ್ಲಿ ಯಾರೂ ಅವರನ್ನು ಕಣ್ಣಾರೆ ನೋಡಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಾಲ್ಕು ಜನರ ಮುಂದೆ ನೀರು ಕೇಳಲೂ ನಾಚುವವಳು ನಾನು.

ಅವರ ಹೆಸರನ್ನು ಮಾತ್ರ ಇಲ್ಲಿ ಹುಡುಕಬೇಡಿ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ, ನಾನು ಮದುವೆಯಾಗಿ ಬಂದ ಹೊಸದರಲ್ಲೇ ಹೆದರಿಸಿಟ್ಟಿದ್ದರು. ಅಂದಿನಿಂದ ಅವರು ನನಗೆ 'ಇವರು'. ಎದುರಿಗಿಲ್ಲದಿದ್ದರೆ 'ನಮ್ಮನೆಯವರು'. ಅಷ್ಟೇ.

ನಮ್ಮ ಊರು ಸೂಳೆಕೆರೆಯ ನಾಲೆಯ ಕೆಳಗಿನದು, ಭತ್ತದ ಗದ್ದೆಗಳ ಊರು. ಅಲ್ಲಿ ಇವರ ಸಿಟ್ಟು ನಾಲೆಯ ನೀರಿಗಿಂತ ಮುಂಚೆ ಎಲ್ಲರ ಗದ್ದೆಗೂ ಮುಟ್ಟುತ್ತಿತ್ತು. ಒಮ್ಮೆ ಗಾಡಿಯ ಚಕ್ರ ಕೆಸರಿನಲ್ಲಿ ಹೂತಿತೆಂದು ಚಕ್ರಕ್ಕೇ ಒದ್ದರು. ಚಕ್ರ ಅಲುಗಾಡಲಿಲ್ಲ, ಇವರು ಮುಂದಿನ ಹಬ್ಬ ಮುಗಿಯುವವರೆಗೂ ಕುಂಟಿದರು. ಇನ್ನೊಮ್ಮೆ ಚನ್ನಗಿರಿಯ ಬಸ್ಸು ಕೈ ತೋರಿಸಿದರೂ ನಿಲ್ಲಲಿಲ್ಲ. ಸರಿ, ಆ ಬಸ್ಸಿಗೆ ಬಹಿಷ್ಕಾರ! ನಮ್ಮೂರಿಗೆ ಇದ್ದದ್ದೇ ಅದೊಂದು ಬಸ್ಸು. ಅಂದಿನಿಂದ ಎಲ್ಲಿಗೆ ಹೋಗುವುದಿದ್ದರೂ ನಡಿಗೆ, ಇಲ್ಲವೇ ಗಾಡಿ. ಪಾಪ, ಕಂಡಕ್ಟರ್ ಇವರ ಪಕ್ಕಕ್ಕೆ ಬಸ್ಸನ್ನು ನಿಧಾನ ಮಾಡಿಸಿ ಬಾಗಿಲಲ್ಲಿ ಜೋತುಬಿದ್ದು ಬೇಡುತ್ತಿದ್ದ: "ಹತ್ರಿ ಗೌಡ್ರೆ, ತಪ್ಪಾತು ಅಂದ್ನಲ್ರಿ!" ಇವರು ಮುಖ ತಿರುಗಿಸಿಕೊಂಡು ಧೂಳಿನಲ್ಲಿ ನಡೆಯುವರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದು ನೋಡುವರು. ಒಳಗೆ ಕುಳಿತ ನಾನು ಸೆರಗು ಹೊದ್ದು ಸೀಟಿನ ಕೆಳಗೆ ಇಳಿಯುವುದೊಂದು ಬಾಕಿ!

ಎಲ್ಲಕ್ಕಿಂತ ದೊಡ್ಡ ಸಿಟ್ಟು ಹಾಲೇಶಣ್ಣನ ಮೇಲೆ. ಹಾಲೇಶಣ್ಣ ಎಂದರೆ ನಮ್ಮ ಪಕ್ಕದ ಗದ್ದೆಯವರು, ಇವರ ಬಾಲ್ಯದ ಗೆಳೆಯ. ಇಬ್ಬರೂ ಒಟ್ಟಿಗೆ ಕೆರೆಯಲ್ಲಿ ಈಜು ಕಲಿತವರು. ಒಂದು ಬೇಸಿಗೆಯಲ್ಲಿ ನಾಲೆಯ ನೀರು ಸಣ್ಣಗಾದಾಗ ಹಾಲೇಶಣ್ಣ ನಮ್ಮ ಸರದಿಯ ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡರು. ನಮ್ಮ ಸಸಿಯೆಲ್ಲ ಒಣಗಿತು. ಅಲ್ಲಿಗೆ ಮಾತು ಮುಗಿಯಿತು. ಎದುರಾದರೆ ಇಬ್ಬರೂ ರಸ್ತೆ ಬಿಟ್ಟು ಗದ್ದೆಗೆ ಇಳಿಯುತ್ತಿದ್ದರು. ಒಂದು ದಿನ ಗಡಿಬಿಡಿಯಲ್ಲಿ ಇಬ್ಬರೂ ಒಂದೇ ಕಡೆ ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ಮುಖಾಮುಖಿ ನಿಂತು, ಯಾರು ಮೊದಲು ಹತ್ತುವುದೆಂದು ಬಹಳ ಹೊತ್ತು ನಿಂತೇ ಇದ್ದರಂತೆ.

ಇಂಥವರು ಒಂದು ಚಳಿಗಾಲ ಎತ್ತು ನೋಡಲು ಹೊನ್ನಾಳಿಗೆ ಹೋದರು. ಆಗೆಲ್ಲ ಚಳಿಗಾಲಕ್ಕೆ ಟಿಬೆಟಿನವರು ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಹಗ್ಗ ಕಟ್ಟಿ ಸ್ವೆಟರ್ ಮಾರುತ್ತಿದ್ದರು. ಒಬ್ಬ ಮುದುಕ, ಮುಖದ ತುಂಬ ಗೆರೆ, ಕೈಯಲ್ಲಿ ಜಪಮಣಿ. ಇವರು ಒಂದು ಸ್ವೆಟರ್ ಹಿಡಿದು ಚೌಕಾಸಿಗೆ ನಿಂತರು. ಚೌಕಾಸಿ ಜಗಳವಾಯಿತು, ಜಗಳ ಕೂಗಾಟವಾಯಿತು, ಸುತ್ತ ಜನ ಸೇರಿದರು. ಮುದುಕ ಮಾತ್ರ ನಗುತ್ತಲೇ ಇದ್ದ. ಕೊನೆಗೆ ಇವರಿಗೇ ಅವಮಾನವಾಯಿತಂತೆ.

"ಲೇ ಮುದುಕಾ, ಇಷ್ಟು ಬೈದೀನಿ, ನಿನಗೆ ಸಿಟ್ಟೇ ಬರಲ್ಲೇನು?"

ಮುದುಕ ಹರಕುಮುರುಕು ಕನ್ನಡದಲ್ಲಿ ಹೇಳಿದನಂತೆ: "ಬರ್ತದೆ ಗೌಡ್ರು. ಸಿಟ್ಟು ಗಿರಾಕಿ. ಬರ್ತದೆ, ಮುಟ್ತದೆ, ಎಳೀತದೆ, ಹೋಗ್ತದೆ. ನಾನು ಹಿಂದೆ ಓಡಲ್ಲ. ನಾನು ಓಡಿದ್ರೆ ಅಂಗಡಿ ಯಾರು ನೋಡ್ತಾರೆ?"

ಇವರು ಎತ್ತನ್ನು ಮರೆತರು. ಮುದುಕನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತರು. ಸಂಜೆ ಮನೆಗೆ ಬಂದಾಗ ಎತ್ತಿರಲಿಲ್ಲ, ಮೈಮೇಲೆ ಕಂದು ಸ್ವೆಟರ್ ಇತ್ತು. "ಬುದ್ಧನ ದಾರಿ ಸಿಕ್ತು ಕಣೇ" ಎಂದರು. "ಎತ್ತು?" ಎಂದೆ. "ಅದು ಮುಂದಿನ ಸಲ."

ಪಾಠ ಸರಳವಾಗಿತ್ತು. ಬೆಳಿಗ್ಗೆ ಸುಮ್ಮನೆ ಕುಳಿತು ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದು. ಇವರು ಲಿಂಗಪೂಜೆ ಮುಗಿಸಿ, ಕೊಟ್ಟಿಗೆಯ ಮುಂದೆ ಸ್ವೆಟರ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರತೊಡಗಿದರು. ಸ್ವೆಟರ್ ಇಲ್ಲದೆ ಮನಸ್ಸು ಉಸಿರಿನ ಮೇಲೆ ನಿಲ್ಲುವುದಿಲ್ಲವೆಂದು ಅವರಿಗೆ ಹೇಗೋ ನಂಬಿಕೆ ಬಂದುಬಿಟ್ಟಿತ್ತು. ಬೇಸಿಗೆಯಲ್ಲೂ ಹಾಕಿಕೊಂಡು ಬೆವರುವರು! ಅತ್ತೆ ಗಾಳಿ ಸೋಕಿದೆಯೆಂದು ವಿಭೂತಿ ಹಚ್ಚಿದರು, ಹೊಟ್ಟೆ ಕಟ್ಟಿದೆಯೆಂದು ಕಷಾಯ ಕುಡಿಸಿದರು. ಊರಿನ ಮಠದ ಅಯ್ಯನವರೂ ಬಂದು, "ಏನಪಾ, ಧರ್ಮ ಬಿಟ್ಟೆಯಂತೆ?" ಎಂದು ಕೇಳಿದರು.

"ಇಲ್ಲ ಬಿಡ್ರಿ ಅಯ್ಯಾರೆ. ಲಿಂಗ ಕೈಯಾಗೈತೆ, ಉಸಿರು ಮೂಗಿನಾಗೈತೆ. ಅವೆರಡಕ್ಕೂ ಜಗಳ ಇಲ್ಲ. ಜಗಳ ಇರೋದು ನನಗೂ ಊರಿಗೂ."

ಅಯ್ಯನವರು ನಕ್ಕು ಕಾಫಿ ಕುಡಿದು ಹೋದರು.

ನನಗೆ ಮಾತ್ರ ಬೇರೆ ಹೆದರಿಕೆ. ನಾನು ಓದಿದ್ದು ಜಗಳೂರು ಕಡೆಯ ಹಳ್ಳಿ ಶಾಲೆಯಲ್ಲಿ. ಬುದ್ಧನ ಪಾಠದಲ್ಲಿ ನನಗೆ ನೆನಪಿದ್ದದ್ದು ಒಂದೇ ಸಂಗತಿ: ಅವನು ಹೆಂಡತಿ ಮಗುವನ್ನು ಬಿಟ್ಟು ಹೊರಟುಹೋದ. ಆಗ ನಿಮ್ಮಪ್ಪ ತೊಟ್ಟಿಲಲ್ಲಿ! ನಾನು ಇವರ ಚಪ್ಪಲಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಇವರು ಊರೆಲ್ಲ ಹುಡುಕಿ ಕೊನೆಗೆ ನನ್ನ ಮುಖ ನೋಡಿ ಕಾರಣ ಕೇಳಿದರು. ತಲೆ ತಗ್ಗಿಸಿ ಹೇಳಿದೆ.

"ಅಯ್ಯೋ ಮಾರಾಯ್ತಿ, ನಾನೆಲ್ಲಿಗೆ ಹೋಗಲೇ? ಬಸ್ಸಿನವನ ಜೊತೆ ಜಗಳ ಆಗೈತಲ್ಲ!"

ಪ್ರತಿ ಚಳಿಗಾಲವೂ ಹೊನ್ನಾಳಿಗೆ ಹೋಗಿ ಒಂದು ಪಾಠ, ಒಂದು ಸ್ವೆಟರ್ ತರುವುದು ರೂಢಿಯಾಯಿತು. ಎರಡನೆಯ ವರ್ಷದ ಪಾಠ, ಉಣ್ಣುವಾಗ ಮನಸ್ಸೆಲ್ಲ ತುತ್ತಿನ ಮೇಲೆ ಇರಬೇಕೆಂಬುದು. ಒಳ್ಳೆಯ ಪಾಠವೇ. ಆದರೆ ಅದನ್ನು ಸವಳಂಗದಲ್ಲಿ ನಾದಿನಿಯ ಮನೆಯ ಮದುವೆಯಲ್ಲಿ ನಡೆಸಬೇಕೆ? ನಮ್ಮ ಕಡೆ ಪಂಕ್ತಿಯಲ್ಲಿ ಕುಳಿತವರೆಲ್ಲ ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ಇವರು ಹೋಳಿಗೆಯ ಚೂರು ಮುರಿದು, ನೋಡಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿಯುತ್ತಾರೆ. ಉದ್ದನೆಯ ಪಂಕ್ತಿಯೆಲ್ಲ ಒಣಗಿದ ಎಂಜಲು ಕೈ ಎತ್ತಿಕೊಂಡು ಇವರ ದವಡೆಯನ್ನೇ ನೋಡುತ್ತಿದೆ. ಬೆನ್ನ ಹಿಂದೆ, ಮುಂದಿನ ಪಂಕ್ತಿಗೆ ಕಾಯುವವರು ಹಸಿದು ನಿಂತಿದ್ದಾರೆ. ಬೀಗರ ಕಡೆಯ ಹಿರಿಯರೊಬ್ಬರು ಕೊನೆಗೆ ಕೈಮುಗಿದರು:

"ಯಜಮಾನ್ರೆ, ಬುದ್ಧ ಆಗೋದು ಸಾವಕಾಶ ಆಗ್ರಿ, ಮೊದಲು ಎದ್ದೇಳ್ರಿ! ನನ್ನ ಕಾಲು ಜೋಮು ಹಿಡಿದೈತೆ!"

ಆ ಮದುವೆಯದೇ ನೀವು ನೋಡುವ ಫೋಟೊ.

ಮೂರನೆಯದು ಜೀವದಯೆ. ಆ ವರ್ಷ ಜಗಳೂರಿನ ಹತ್ತಿರದ ನನ್ನ ತವರಿಗೆ ಹೋಗಿದ್ದೆವು. ಅದು ಕಲ್ಲಿನ ನೆಲ, ಯಾವ ಕಲ್ಲೆತ್ತಿದರೂ ಚೇಳು. ಪಡಸಾಲೆಗೆ ಬಂದ ಒಂದು ಚೇಳನ್ನು ನಮ್ಮಪ್ಪ ಹೊಡೆಯಲು ಹೋದರೆ ಇವರು ಅಡ್ಡ ಬಂದು, ಅದನ್ನು ಮೊರಕ್ಕೆ ಹತ್ತಿಸಿಕೊಂಡು, "ನಿನಗೂ ಒಳ್ಳೇದಾಗ್ಲಿ ಹೋಗಪಾ" ಎಂದು ಅಂಗಳದ ಮೂಲೆಯಲ್ಲಿ ಬಿಟ್ಟುಬಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ನಮ್ಮಪ್ಪನ ದನಿ:

"ಅಳಿಯಂದ್ರೆ, ನಿಮ್ ಚೇಳಿಗೆ ಒಳ್ಳೇದಾಗೈತೆ. ನನ್ ಎಕ್ಕಡದಾಗೆ ಮನಿ ಮಾಡೈತೆ!"

ಹೀಗೆ ನಗುತ್ತಲೇ ವರ್ಷಗಳು ಹೋದವು. ನಗುವಿನ ಮಧ್ಯೆ ಒಂದು ವಿಷಯ ನಾನು ಗಮನಿಸಿರಲಿಲ್ಲ. ಇವರು ಚಕ್ರಕ್ಕೆ ಒದೆಯುವುದು ನಿಂತಿತ್ತು. ತಟ್ಟೆ ಎಸೆಯುವುದು ನಿಂತಿತ್ತು. ಒಂದು ದಿನ ಬಸ್ಸನ್ನೂ ಹತ್ತಿಬಿಟ್ಟರು. ಕಂಡಕ್ಟರ್ ಸಂತೋಷಕ್ಕೆ ಟಿಕೆಟ್ ಕೊಡುವುದನ್ನೇ ಮರೆತ. ಇವರೇ ಕೇಳಿ ಪಡೆದರು.

ಕೊನೆಗೆ ಮುದುಕ ಎಲ್ಲಕ್ಕಿಂತ ಕಷ್ಟದ ಪಾಠ ಕೊಟ್ಟ. ಬೆಳಿಗ್ಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ನೆನೆದು, ಒಳ್ಳೆಯದಾಗಲಿ ಎನ್ನಬೇಕು. ಮೊದಲು ತನಗೆ, ಆಮೇಲೆ ಮನೆಯವರಿಗೆ, ಊರವರಿಗೆ, ಕೊನೆಗೆ ಕಂಡರಾಗದವರಿಗೆ. ನಾನೂ ಒಲೆಯ ಮುಂದೆ ಕುಳಿತು ಹೇಳಿಕೊಳ್ಳಲೆಂದು ಇವರ ಆಸೆ. ಇವರು ಕೊಟ್ಟಿಗೆಯ ಮುಂದೆ, ನಾನು ಒಲೆಯ ಮುಂದೆ. ಇವರ ಪಟ್ಟಿ ಎಮ್ಮೆಯವರೆಗೆ ಬಂದು ನಿಲ್ಲುತ್ತಿತ್ತು. ಹಾಲೇಶಣ್ಣನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಕೆಮ್ಮು ಬರುತ್ತಿತ್ತು!

"ಕೆಮ್ಮಿಗೆ ಒಳ್ಳೇದಾಯ್ತು, ಹಾಲೇಶಣ್ಣಗೆ ಯಾವಾಗ?" ಎಂದು ನಾನು ಒಳಗಿನಿಂದ ಕೆಣಕಿದೆ.

"ನೀನೇನು ಕಮ್ಮೀನಾ? ಊರ ನಾಯಿಗೂ ಒಳ್ಳೇದಾಗ್ಲಿ ಅಂತೀ, ನನ್ ಹೆಸರು ಮಾತ್ರ ಇಲ್ಲ. ನೋಡು, ನಾನು ಅವನ ಹೆಸರು ಹೇಳಿದ ದಿನ ನೀನು ನನ್ನ ಹೆಸರು ಹೇಳ್ಬೇಕು. ಆಯ್ತಾ?"

ಆಯಿತೆಂದೆ. ಅವರು ಹೇಳುವುದಿಲ್ಲವೆಂಬ ಧೈರ್ಯ ನನಗೆ.

ಆ ಬೇಸಿಗೆ ಮತ್ತೆ ನಾಲೆ ಸಣ್ಣಗಾಯಿತು. ನಮ್ಮ ಸರದಿಯ ದಿನ ಬೆಳಿಗ್ಗೆ ಗದ್ದೆಗೆ ಹೋದರೆ ನೀರಿಲ್ಲ. ನಮ್ಮ ಕಡೆಯ ಕಾಲುವೆಯ ಬಾಯಿಗೆ ಮಣ್ಣು ಹಾಕಿ ಹಾಲೇಶಣ್ಣ ನೀರು ತಿರುಗಿಸಿಕೊಂಡಿದ್ದಾರೆ, ಅಲ್ಲೇ ಸಲಿಕೆ ಹಿಡಿದು ನಿಂತಿದ್ದಾರೆ. ಇವರ ಹೆಗಲ ಮೇಲೂ ಸಲಿಕೆ. ಹಿಂದೆ ಬುತ್ತಿ ಹೊತ್ತು ಬರುತ್ತಿದ್ದ ನಾನು ಅಲ್ಲೇ ನಿಂತೆ. ಆ ಸಲಿಕೆ ಎದ್ದರೆ ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಠಾಣೆಗೆ. ಅಷ್ಟು ವರ್ಷದ ಉಸಿರೆಲ್ಲ ಕೆಸರಿಗೆ!

ಇವರು ಬದುವಿನ ಮೇಲೆ ನಿಂತರು. ಮೂಗಿನ ಹೊಳ್ಳೆ ಅರಳಿದ್ದು ಕಂಡಿತು. ಅರಳಿದ್ದು ಸಿಟ್ಟಿಗೋ ಪಾಠಕ್ಕೋ ದೂರದಿಂದ ತಿಳಿಯಲಿಲ್ಲ. ಒಂದು ಉಸಿರು, ಇನ್ನೊಂದು. ಸಲಿಕೆ ನಿಧಾನವಾಗಿ ಕೆಳಗಿಳಿಯಿತು.

"ಹಾಲೇಶಾ," ಎಂದರು. "ನಿನ್ ಸಸಿ ನನ್ನವಕ್ಕಿಂತ ಕೆಂಪಾಗ್ಯಾವೆ. ಬಿಸ್ಲೇರೋತನಕ ನೀರು ನೀನೇ ಕಟ್ಕೋ. ಆಮೇಲೆ ನನಗೆ ಬಿಡು."

ಹಾಲೇಶಣ್ಣ ಸಲಿಕೆ ಬಿಸಾಕಿ ಊರ ಕಡೆ ಓಡಿದರು! "ಬೈದಿದ್ರೆ ನಿಂತಿರ್ತಿದ್ದೆ ಕಣಕ್ಕಾ, ಮೆತ್ತಗೆ ಮಾತಾಡಿದ್ನಲ್ಲ, ಇವತ್ತು ನನ್ ಕತೆ ಮುಗೀತು ಅನ್ಕೊಂಡೆ" ಎಂದು ಆಮೇಲೆ ನನ್ನ ಬಳಿ ಹೇಳಿದರು. ತಮ್ಮಂದಿರನ್ನು ದೊಣ್ಣೆಸಮೇತ ಕರೆತಂದರೆ ಇವರು ಬದುವಿನ ಮೇಲೆ ಸ್ವೆಟರ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಾರೆ. ನೀರು ಹಾಲೇಶಣ್ಣನ ಗದ್ದೆಗೇ ಹರಿಯುತ್ತಿದೆ.

"ಏನೋ ಅದು, ಮಾಟ ಮಾಡಾಕೆ ಕುಂತೀಯೇನು?" ಎಂದರು ಹಾಲೇಶಣ್ಣ.

"ನಿನಗೆ ಒಳ್ಳೇದಾಗ್ಲಿ ಅನ್ನಾಕೆ ಕುಂತೀನಿ."

"ಯಾಕೆ?"

"ಯಾಕೆ ಅಂತ ನನಗೂ ಇನ್ನೂ ತಿಳಿದಿಲ್ಲ. ಭಾಳ ಕಷ್ಟ ಐತೆ. ನಡುವೆ ಮಾತಾಡಿಸ್ಬ್ಯಾಡ, ಸುಮ್ನಿರು."

ಹಾಲೇಶಣ್ಣ ದೊಣ್ಣೆಗಳನ್ನು ಕೆಳಗಿಡಿಸಿದರು. ತಮ್ಮಂದಿರನ್ನು ಕಳಿಸಿದರು. ಬಿಸಿಲೇರುವ ಮುಂಚೆಯೇ ತಾವೇ ಮಣ್ಣು ತೆಗೆದು ನೀರನ್ನು ನಮ್ಮ ಕಡೆ ಬಿಟ್ಟರು. ನಾನು ತಂದ ಬುತ್ತಿಯನ್ನು ಇಬ್ಬರೂ ಒಂದೇ ಎಲೆಯಲ್ಲಿ ಉಂಡರು. ಇವರು ಎಂದಿನಂತೆ ನಿಧಾನವಾಗಿ. ಹಾಲೇಶಣ್ಣ ತಮ್ಮ ಪಾಲು ಮುಗಿಸಿ ಇವರದಕ್ಕೂ ಕೈ ಹಾಕಿದರು.

ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಹ್ಞೂಂ, ಈಗ ನಿನ್ನ ಪಾಳಿ."

ನಾನು ಒಲೆಯ ಕಡೆ ತಿರುಗಿದೆ. ನಾಚಿಕೆಯೊಂದೇ ಆಗಿದ್ದರೆ ಹೇಗೋ ಹೇಳಿಬಿಡುತ್ತಿದ್ದೆನೇನೋ. ಅತ್ತೆಯ ಮಾತು ಎದೆಯಲ್ಲಿ ಕೂತಿತ್ತು. "ನಿಮ್ಮ ಆಯುಷ್ಯ..." ಎಂದಷ್ಟೇ ಹೇಳಿದೆ.

ಅವರು ನಗಲಿಲ್ಲ. "ಇರ್ಲಿ ಬಿಡೇ, ಅವಸರ ಏನೈತೆ" ಎಂದು ಹೊರಗೆ ಹೋದರು.

ನಾನು ಹೆಸರು ಹೇಳಲಿಲ್ಲ. ಆದರೂ ಒಂದು ಮಳೆಗಾಲದಲ್ಲಿ ಜ್ವರ ಬಂದು ಅವರು ಹೊರಟುಹೋದರು. ಚಪ್ಪಲಿ ಬಾಗಿಲಲ್ಲೇ ಇತ್ತು.

ಆ ಚಳಿಗಾಲ ಹಾಲೇಶಣ್ಣ ಬಂದು, "ಅಕ್ಕಾ, ಹೊನ್ನಾಳಿ ಮುದುಕ ದಾರಿ ಕಾಯ್ತಿರ್ತಾನೆ, ಹೇಳಿ ಬರಾನ" ಎಂದರು. ಅದೇ ಬಸ್ಸಿನಲ್ಲಿ ಹೋದೆವು. ಮುದುಕ ಅದೇ ಹಗ್ಗ ಕಟ್ಟಿ ಕುಳಿತಿದ್ದ. "ಸಿಟ್ಟಿನ ಗೌಡ್ರು ಎಲ್ಲಿ?" ಎಂದ. ಹಾಲೇಶಣ್ಣ ಆಕಾಶದ ಕಡೆ ಕೈ ತೋರಿಸಿದರು. ಮುದುಕ ಕೈಯಲ್ಲಿದ್ದ ಸ್ವೆಟರ್ ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಜಪಮಣಿ ತೆಗೆದುಕೊಂಡು ನನ್ನ ಕಡೆ ತಿರುಗಿದ.

"ಹೆಸರು ಏನಮ್ಮ? ಗೌಡ್ರು ಅಂತ ಕರೆದೆ, ಹೆಸರು ಕೇಳಲೇ ಇಲ್ಲ. ಪ್ರಾರ್ಥನೆಗೆ ಹೆಸರು ಬೇಕು."

ಹಾಲೇಶಣ್ಣ ಹೇಳಲು ಬಾಯಿ ತೆರೆದರು. ನನ್ನನ್ನು ನೋಡಿ ಮುಚ್ಚಿಕೊಂಡರು.

ಸಂತೆಯ ಗದ್ದಲ, ಬಸ್ಸಿನ ಹಾರ್ನ್, ಸುತ್ತ ಗಂಡಸರು. ಇನ್ನು ಯಾರ ಆಯುಷ್ಯಕ್ಕೆ ಹೆದರಲಿ? ಸೆರಗು ಸರಿಮಾಡಿಕೊಂಡು ಹೇಳಿದೆ. ತುಟಿ ಆಡಿತು, ದನಿ ಬರಲಿಲ್ಲ, ಬರೀ ಉಸಿರು ಬಂತು.

ಮುದುಕ ಕಣ್ಣು ಮುಚ್ಚಿ ಒಂದು ಮಣಿ ಸರಿಸಿದ. "ಸಾಕಮ್ಮ," ಎಂದ. "ಕೇಳ್ತು."

ಈಗ ನಾನು ಒಳ್ಳೆಯದಾಗಲಿ ಎನ್ನುವುದನ್ನು ದನಿ ತೆಗೆದೇ ಹೇಳುತ್ತೇನೆ. ನಿಮ್ಮೆಲ್ಲರ ಹೆಸರು, ಹಾಲೇಶಣ್ಣನ ಹೆಸರು, ಜಗಳೂರಿನ ಆ ಚೇಳು, ಕೊನೆಗೆ ಅವರದು. ನಾಳೆ ಬೆಳಿಗ್ಗೆ ಒಲೆಯ ಹತ್ತಿರ ಬಂದು ಕುಳಿತರೆ ನಿಮಗೂ ಕೇಳಿಸುತ್ತದೆ.