ಬಹುಮಾನದ ಫ್ಯಾನು

ಪುರಸಭೆಯ ಜನನ-ಮರಣ ವಿಭಾಗದ ಗುಮಾಸ್ತನ ತಲೆಯ ಮೇಲೆ ಒಂದು ಕೊಕ್ಕೆ ಇತ್ತು. ಕೊಕ್ಕೆಯಲ್ಲಿ ಫ್ಯಾನು ಇರಲಿಲ್ಲ. ಬೆವರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಯಾರದೋ ಜನನ ಪ್ರಮಾಣಪತ್ರಕ್ಕೆ ಇಳಿಯುತ್ತಿತ್ತು. ಒಂದು ಕೈಯಲ್ಲಿ ಬರೆಯುತ್ತ, ಇನ್ನೊಂದರಲ್ಲಿ ಹಳೆಯ ಕಡತದ ರಟ್ಟು ಬೀಸಿಕೊಳ್ಳುತ್ತಿದ್ದ ಅವನಿಗೆ ಕಚೇರಿಯವರು ಬೆವರಣ್ಣ ಎಂದೇ ಹೆಸರಿಟ್ಟಿದ್ದರು. ಹೆಂಡತಿಯಂತೂ ಅಂಗಿ ಹಿಂಡುತ್ತ ದಿನಾ ಕೇಳುತ್ತಿದ್ದಳು: "ನೀವು ಹೋಗೋದು ಬರೆಯೋಕೋ, ಬಾವಿ ತೋಡೋಕೋ?"

ಹೀಗಿರಲು ಒಂದು ಬೆಳಿಗ್ಗೆ ಮುಖ್ಯಾಧಿಕಾರಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಸಾರಿದರು: "ಪುರಸಭೆಯ ಕರೆಂಟ್ ಬಿಲ್ಲು ಏರ್ತಾನೇ ಇದೆ. ಪ್ರತಿ ವಿಭಾಗಕ್ಕೂ ಹೊಸ ಮೀಟರ್ ಹಾಕಿಸಿದ್ದೀನಿ. ಸಂಜೆಯೊಳಗೆ ಯಾರದು ಎಲ್ಲರಿಗಿಂತ ಕಡಿಮೆ ಓಡುತ್ತೋ, ಅವರಿಗೆ ಹೊಸ ಫ್ಯಾನು!"

ಬೆವರಣ್ಣನಿಗೆ ಆಕಾಶಕ್ಕೆ ಮೂರೇ ಗೇಣು. "ಅದು ನಂದೇ" ಎಂದು ಅಲ್ಲೇ ಘೋಷಿಸಿದ.

ಪಕ್ಕದ ಕೋಣೆಯ ಟೈಪಿಸ್ಟ್ ಅಕ್ಕ ಪಿಸುಗುಟ್ಟಿದಳು: "ಹುಷಾರು ತಮ್ಮಾ. ಹೋದ ವರ್ಷ ನಾನು ಕಾಗದ ಉಳಿಸ್ದೆ. ಭೇಷ್ ಅಂದ್ರು. ಈ ವರ್ಷ ಅಷ್ಟರಲ್ಲೇ ಸಾಗಿಸು ಅಂದ್ರು."

"ಹೊಟ್ಟೆಕಿಚ್ಚು ಬೇಡ ಅಕ್ಕಾ!" ಎಂದವನೇ ಬೆವರಣ್ಣ ಓಡಿಹೋಗಿ ಕೋಣೆಯ ದೀಪ ಆರಿಸಿದ.

ಆರಿಸಿ ಕೂರುವಷ್ಟರಲ್ಲಿ ಕರ ವಸೂಲಿಗಾರ ಕೆಟಲ್ ಹಿಡಿದು ಬಂದ. "ನಮ್ಮ ಮೀಟರ್ ಓಡಬಾರದಲ್ಲ, ಇಲ್ಲೇ ಒಂಚೂರು ನೀರು ಕಾಯಿಸ್ಕೊಳ್ಲಾ?"

"ನಿನ್ನ ತಲೆ ಮೇಲೆ ಕಾಯಿಸ್ಕೋ!"

ಅವನನ್ನು ಅಟ್ಟಿ ತಿರುಗಿದರೆ ಆರೋಗ್ಯ ನಿರೀಕ್ಷಕರು ಇಸ್ತ್ರಿಪೆಟ್ಟಿಗೆಯ ವೈರು ಬಿಚ್ಚುತ್ತಿದ್ದರು. "ಕಾಲರ್ ಒಂದೇ ಕಣಯ್ಯಾ, ಪುಣ್ಯ ಬರುತ್ತೆ." ಅವರ ಹಿಂದೆ ಮೂವರು ಫೋನು, ಚಾರ್ಜರ್ ಹಿಡಿದು ನಿಂತಿದ್ದರು. ಬೆಲ್ಲ ಕಂಡ ಇರುವೆಗಳು! ಬೆವರಣ್ಣ ಸ್ಟೂಲು ಹತ್ತಿ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. "ಈಗ ಚುಚ್ಚಿ ನೋಡೋಣ!"

ಇದ್ದ ಒಂದೇ ಕಿಟಕಿಗೆ ಎದುರುಗೋಡೆಯೇ ನೋಟ. ಆ ಕತ್ತಲಲ್ಲಿ ಯಾರೋ ಬಂದು ನಿಂತರು. ಗೆಲುವಿನ ಹುರುಪಿನಲ್ಲಿದ್ದ ಬೆವರಣ್ಣ ತಡಕಾಡಿ ಕೈ ಹಿಡಿದು ಕುಲುಕಿದ. "ಅಭಿನಂದನೆ! ಗಂಡೋ ಹೆಣ್ಣೋ?"

"ನಮ್ಮ ಮಾವ ಸ್ವಾಮೀ."

"ಸಂತೋಷ, ತೂಕ ಎಷ್ಟು?"

"ಅದನ್ನ ಹೊತ್ತವರನ್ನ ಕೇಳಬೇಕು" ಎಂದಿತು ಕತ್ತಲು. "ನಾನು ಬಂದಿದ್ದು ಮರಣಪತ್ರಕ್ಕೆ."

ಬಂದವನು ಬೈದದ್ದನ್ನೆಲ್ಲ ಬೆವರಣ್ಣ ತಾಳಿಕೊಂಡ. ಫ್ಯಾನಿಗಾಗಿ ಏನನ್ನು ತಾಳಬಾರದು!

ಸಂಜೆ ಮುಖ್ಯಾಧಿಕಾರಿ ಟಾರ್ಚು ಹಾಕಿ ಮೀಟರ್ ನೋಡಿದರು. ಸೊನ್ನೆ! ಚಪ್ಪಾಳೆಯೋ ಚಪ್ಪಾಳೆ. ಎಲೆಕ್ಟ್ರಿಷಿಯನ್ ಅಲ್ಲೇ ಸ್ಟೂಲು ಹತ್ತಿ, ಟಾರ್ಚಿನ ಬೆಳಕಿನಲ್ಲಿ ಹೊಸ ಫ್ಯಾನನ್ನು ಕೊಕ್ಕೆಗೆ ಸಿಕ್ಕಿಸತೊಡಗಿದ. ಬೆವರಣ್ಣ ಎದೆಯುಬ್ಬಿಸಿ ಜೇಬಿನಿಂದ ಫ್ಯೂಸು ತೆಗೆದ.

"ಅದನ್ನ ಇಲ್ಲಿ ಕೊಡಿ" ಎಂದು ಮುಖ್ಯಾಧಿಕಾರಿ ತಮ್ಮ ಜೇಬಿಗೆ ಇಳಿಸಿಕೊಂಡರು. "ಎಲ್ರೂ ಕೇಳಿ. ಇವತ್ತು ಯಾವ ವಿಭಾಗ ಎಷ್ಟು ಸುಟ್ಟಿದೆಯೋ, ನಾಳೆಯಿಂದ ಅದಕ್ಕೆ ದಿನಕ್ಕೆ ಅಷ್ಟೇ ಕರೆಂಟು. ಒಂದು ಯೂನಿಟ್ಟೂ ಜಾಸ್ತಿ ಇಲ್ಲ. ಇವರನ್ನ ನೋಡಿ ಕಲೀರಿ, ಏನೂ ಇಲ್ಲದೆ ದಿನ ಕಳೆದಿದ್ದಾರೆ!"

"ಹಾಗಾದ್ರೆ... ಫ್ಯಾನು, ಸಾರ್?"

"ನಿಮ್ದೇ ಕಣ್ರೀ. ಯಾರೂ ಕಿತ್ಕೊಳ್ಳಲ್ಲ."

ಪಕ್ಕದ ಕೋಣೆಯಿಂದ ಝಗಝಗ ಬೆಳಕು ಬರುತ್ತಿತ್ತು. ಟೈಪಿಸ್ಟ್ ಅಕ್ಕ ಬೆಳಗಿನಿಂದ ಇದ್ದಬದ್ದ ದೀಪವನ್ನೆಲ್ಲ ಉರಿಸಿ, ಎರಡು ಫ್ಯಾನು ತಿರುಗಿಸಿ, ಕರ ವಸೂಲಿಗಾರನ ಕೆಟಲಿಗೂ ಜಾಗ ಕೊಟ್ಟು ಕೂತಿದ್ದಳು. "ಸೆಕೆಯಾದ್ರೆ ಇಲ್ಲಿ ಬಾ ತಮ್ಮಾ" ಎಂದು ಕೂಗಿದಳು.

ಸ್ಟೂಲಿನ ಮೇಲಿಂದ ಎಲೆಕ್ಟ್ರಿಷಿಯನ್ ಮುಖ ಒರೆಸಿಕೊಂಡ. "ಏನ್ ಸೆಕೆ ಸ್ವಾಮೀ ನಿಮ್ಮ ಕೋಣೇಲಿ! ಈ ಫ್ಯಾನು ಕೂರಿಸೋವರೆಗೂ ಒಂಚೂರು ಗಾಳಿ ಹಾಕ್ತೀರಾ?"

ಬೆವರಣ್ಣ ಮೇಜಿನ ಮೇಲಿದ್ದ ರಟ್ಟನ್ನು ಎತ್ತಿಕೊಂಡು ಬೀಸತೊಡಗಿದ.