ಅವ್ವನ ಬೆನ್ನು ಮತ್ತು ಬೈಕಿನ ಮುಂಗಾಲು

ಕೈಕೆಲಸ ಬಾರದ ಗಂಡಸರಲ್ಲಿ ಬರುವುದಿಲ್ಲವೆಂದು ಒಪ್ಪಿಕೊಂಡು ಸುಖವಾಗಿ ಇರುವವರುಂಟು. ಮನೆಯವರೆದುರು ಒಂದಲ್ಲ ಒಂದು ದಿನ ಮಾಡಿ ತೋರಿಸಿಯೇ ಬಿಡುತ್ತೇನೆಂದು ಕಾಯುತ್ತಾ ಕೂತವರೂ ಉಂಟು. ನಾನು ದಾವಣಗೆರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವವನು. ಕಾಯುತ್ತಾ ಕೂತವರ ಪೈಕಿ. ಆದರೂ ನಾನು ಬೈಕು ಬಿಚ್ಚಿದ್ದು ಬರೀ ಚಪಲಕ್ಕಲ್ಲ ಎಂದು ಹೇಳಬೇಕು. ಅದಕ್ಕೆ ಕಾರಣ ನಮ್ಮ ಅವ್ವ.

ಅವ್ವ ಅಮಾವಾಸ್ಯೆ ತಪ್ಪಿಸದೆ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಹೋಗುವವಳು. ಅಪ್ಪ ಇರುವವರೆಗೂ ತನ್ನ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಅಪ್ಪ ಹೋದ ಮೇಲೆ ಬೈಕೂ ಆ ಕೆಲಸವೂ ನನ್ನ ಪಾಲಿಗೆ ಬಂದವು. ಬಸ್ಸಿನಲ್ಲಿ ಕೂತರೆ ಅವ್ವನಿಗೆ ವಾಂತಿ. ಕಾರಿನ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ. ಬೈಕೊಂದೇ ಅವಳಿಗೆ ಒಗ್ಗಿದ ವಾಹನ. ಆದರೆ ಬೈಕಿನ ಮುಂದಿನ ಶಾಕ್, ಅಂದರೆ ಗುಂಡಿಯ ಕುಲುಕು ತಡೆಯುವ ಜೋಡಿ ಕೊಳವೆ, ಸೋತು ಹೋಗಿತ್ತು. ಬ್ರೇಕ್ ಒತ್ತಿದರೆ ಮೂಗು ನೆಲಕ್ಕೆ ಬಗ್ಗುತ್ತಿತ್ತು, ಗುಂಡಿಗೆ ಇಳಿದರೆ ಧಡ್ ಎಂದು ಬಡಿಯುತ್ತಿತ್ತು. ಹಾಗೆ ಬಡಿದ ಒಂದು ದಿನ ಅವ್ವ ಬೆನ್ನು ಹಿಡಿದುಕೊಂಡು ಮನೆಗೆ ಬಂದು ಮಲಗಿದವಳು, "ಇನ್ನ ನಾ ಬರಲ್ಲಪ್ಪ. ಅಜ್ಜಯ್ಯಗೆ ಇಲ್ಲಿಂದ್ಲೇ ಕೈ ಮುಗಿತೀನಿ" ಅಂದಳು. ಅದಾದ ಮೇಲೆ ಅಮಾವಾಸ್ಯೆ ಬಂದಾಗಲೆಲ್ಲ ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಎಲ್ಲಿಗೂ ಹೋಗದೆ ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಶಾಕ್ ಒಳಗಿನ ಎಣ್ಣೆ ಹಳತಾದರೆ ಹೀಗಾಗುತ್ತದೆ, ಅದನ್ನು ಮನೆಯಲ್ಲೇ ಬದಲಿಸಬಹುದು ಎಂದು ಮೊಬೈಲಿನಲ್ಲಿ ಒಬ್ಬ ನಗುನಗುತ್ತಾ ಮಾಡಿ ತೋರಿಸಿದ. "ಯಾಕ್ರೀ, ಮೆಕ್ಯಾನಿಕ್‌ಗೆ ಕೊಟ್ರೆ ಆಗಲ್ವಾ?" ಎಂದಳು ಹೆಂಡತಿ ಸುಜಾತ. "ಅಪ್ಪ ಮನೇಲೇ ಮಾಡ್ತಿದ್ದ" ಎಂದೆ. ಅಪ್ಪ ಹರಿಹರದ ಕಾರ್ಖಾನೆಯಲ್ಲಿ ಜೀವಮಾನವಿಡೀ ಫಿಟ್ಟರ್ ಆಗಿದ್ದವನು ಎಂಬುದನ್ನು ಅವಳು ನೆನಪಿಸಲಿಲ್ಲ. ಒಳಗೆ ಹೋಗಿ, ಮಗಳು ಕೂಸಾಗಿದ್ದಾಗಿನ ಹಾಲಿನ ಬಾಟಲಿ ತಂದುಕೊಟ್ಟಳು. ಎಣ್ಣೆ ಅಳೆಯಲು ಮನೆಯಲ್ಲಿ ಗೆರೆ ಇದ್ದ ಪಾತ್ರೆ ಅದೊಂದೇ.

ಭಾನುವಾರ ಎಂಜಿನ್ ಕೆಳಗೆ ಇಟ್ಟಿಗೆ ಜೋಡಿಸಿ ಮುಂದಿನ ಚಕ್ರ ಎತ್ತರಿಸಿದೆ. ಶಾಕ್ ತಲೆಯ ಮೇಲಿನ ಮುಚ್ಚಳವನ್ನು ಹುಷಾರಾಗಿ ತಿರುಗಿಸಿ ಎಂದು ಮೊಬೈಲಿನವನು ಹೇಳಿದ್ದ. ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ನಾನು ಹುಷಾರಾಗಿಯೇ ತಿರುಗಿಸಿದೆ. ಮುಚ್ಚಳ ಟಣ್ ಎಂದು ನನ್ನ ಕಿವಿಯ ಪಕ್ಕದಿಂದ ಹಾರಿ, ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯಲ್ಲಿ ಬಿತ್ತು. ಸುಜಾತ ಅದನ್ನು ಹುಡುಕಿ, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಬೈದಿದ್ದರೆ ವಾಸಿ ಇತ್ತು.

ಕೆಳಗಿನ ಸ್ಕ್ರೂ ತೆಗೆದಾಗ ಅಡಿಯಲ್ಲಿಟ್ಟ ಡಬ್ಬಿಗೆ ಎಣ್ಣೆ ಇಳಿಯಿತು. ಕಪ್ಪಗೆ, ಕೆಸರಿನ ಹಾಗೆ. ಅವ್ವ ಕುರ್ಚಿ ಎಳೆದುಕೊಂಡು ಬಂದು ಹತ್ತಿರ ಕೂತಳು. ಅಪ್ಪನ ನಂತರ ಆ ಶಾಕನ್ನು ಯಾರೂ ಬಿಚ್ಚಿರಲಿಲ್ಲ. ಅಂದರೆ ಡಬ್ಬಿಯೊಳಗೆ ಇಳಿಯುತ್ತಿದ್ದದ್ದು ಅಪ್ಪ ತನ್ನ ಕೈಯಾರೆ ಹಾಕಿದ ಎಣ್ಣೆ. ಅದು ಹೊಳೆದ ಕೂಡಲೇ ಕೈಯಲ್ಲಿದ್ದ ಸ್ಕ್ರೂ ಕೆಳಗಿಟ್ಟೆ. "ಅವ್ವಾ, ಇದು ಅಪ್ಪ ಹಾಕಿದ್ದು" ಎಂದೆ. ಅವ್ವ ಡಬ್ಬಿಯ ಮೇಲೆ ಬಗ್ಗಿ ನೋಡಿದಳು. ಅಳುತ್ತಾಳೆಂದುಕೊಂಡು ನಾನೂ ತಯಾರಾದೆ.

"ಗೊತ್ತೈತೆ ಬಿಡು. ಅವತ್ತೂ ಅಂಗಳ ಹಿಂಗೇ ನಾರಿತ್ತು" ಎಂದು ಅವ್ವ ಸೆರಗನ್ನು ಮೂಗಿಗೆ ಹಿಡಿದಳು. ನಿಜ, ಕೊಳೆತ ಮೀನಿನ ವಾಸನೆ. ಮೀನನ್ನು ಹೊಸ್ತಿಲೊಳಗೆ ತರದ ನಮ್ಮ ಮನೆಯಿಂದ ಆ ವಾಸನೆ ವಿದ್ಯಾನಗರದ ಅರ್ಧ ಬೀದಿಗೆ ಹಬ್ಬಿತು. "ದೂರ ಚೆಲ್ಲಿ ಬಾ. ಮಂದಿ ಏನಂದ್ಕೊಂಡಾರು" ಎಂದಳು. ಚೆಲ್ಲಬೇಡವೆಂದು ಮೊಬೈಲಿನವನು ಹೇಳಿದ್ದರಿಂದ ಡಬ್ಬಿಗೆ ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಟ್ಟು ಬಂದೆ. ಕೊಡುವ ಮುನ್ನ ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ ಎಂಬುದನ್ನು ಮನೆಯಲ್ಲಿ ಹೇಳಲಿಲ್ಲ.

ಬಾಟಲಿಯಲ್ಲಿ ಅಳೆದು ಎರಡೂ ಕಡೆ ಸಮನಾಗಿ ಹೊಸ ಎಣ್ಣೆ ಹಾಕಿದೆ. ಹ್ಯಾಂಡಲ್ ಒತ್ತಿದರೆ ಬೈಕು ಮೆತ್ತಗೆ ಬಗ್ಗಿ ಮೆತ್ತಗೆ ಎದ್ದಿತು. ಆ ಅಮಾವಾಸ್ಯೆಗೆ ಅವ್ವನನ್ನು ಒಪ್ಪಿಸಿ ಹೊರಡಿಸಿದೆ. "ನಡಿ ನೋಡಣ. ನಿನ್ ಕೈಗುಣ ಹೆಂಗೈತೆ ಗೊತ್ತಾಗ್ಲಿ" ಎಂದು ಹತ್ತಿ ಕೂತಳು.

ಹೊರಟ ಮೇಲೆ ನನಗೆ ಭಯ ಶುರುವಾಯಿತು. ಮುಚ್ಚಳ ಬಿಗಿಯಾಗಿದೆಯೇ? ದಾರಿಯಲ್ಲಿ ಮತ್ತೆ ಹಾರಿದರೆ? ಹಿಂದೆ ಅವ್ವ ಇದ್ದಾಳೆ. ಗುಂಡಿ ಕಂಡರೆ ಎತ್ತಿನ ಗಾಡಿಯಂತೆ ಇಳಿಸಿ ಹತ್ತಿಸಿದೆ. ಹರಿಹರದಲ್ಲಿ ಚಹಾದ ನೆಪ ಮಾಡಿ ನಿಲ್ಲಿಸಿ ಮುಚ್ಚಳಗಳನ್ನು ಮುಟ್ಟಿ ನೋಡಿದೆ. ಆಮೇಲಿನ ಹಳ್ಳಿ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರ್ ನನ್ನನ್ನು ತಿರುಗಿ ನೋಡಿದ.

ಉಕ್ಕಡಗಾತ್ರಿಯಲ್ಲಿ ಅವ್ವ ಯಾರ ಕೈಯೂ ಹಿಡಿಯದೆ ಇಳಿದಳು. ಹೊಳೆಗೆ ಹೋಗಿ ಕಾಲು ತೊಳೆದಳು, ಗದ್ದುಗೆಯ ಮುಂದೆ ತುಂಬಾ ಹೊತ್ತು ಕಣ್ಣು ಮುಚ್ಚಿ ನಿಂತಳು. ಹೊರಗೆ ಬಂದಾಗ ಅವಳ ಮುಖ ತಿಳಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಬೆನ್ನು ನೋವಾತೇನವ್ವ?"

"ಇಲ್ಲಪ್ಪ. ಹೂವಿನ ಮ್ಯಾಲೆ ಕೂತಂಗಿತ್ತು."

"ನೋಡಿದ್ಯಾ? ಎಣ್ಣೆ ಬದಲು ಮಾಡಿದ್ದಕ್ಕೇ."

ಅವ್ವ ನನ್ನನ್ನು ಒಂದು ಸಲ ಕನಿಕರದಿಂದ ನೋಡಿದಳು. "ಎಣ್ಣೆ ಅಲ್ಲೋ. ದಾರಿ ತುಂಬ ಹೆದರ್ಕೊಂಡು ನಿಧಾನ ಬಂದ್ಯಲ್ಲ, ಅದಕ್ಕ. ನಿಮ್ಮಪ್ಪ ಯಾವಾಗ್ಲೂ ಹಂಗೇ ಓಡಿಸ್ತಿದ್ದ."

ಮನೆಯ ಕಡೆ ಬೈಕು ತಿರುಗಿಸಿದೆ. ವಿದ್ಯಾನಗರ ಮುಟ್ಟುವವರೆಗೂ ವೇಗ ಹೆಚ್ಚಿಸಲಿಲ್ಲ.